ಉಪ್ಪಿನ ನಡುವೆ ಅಯೋಡೈಡ್: ಪಶ್ಚಿಮ ಕರಾವಳಿಯ ಸಮುದ್ರನೀರಿನಲ್ಲಿ ಅಲ್ಪ ಪ್ರಮಾಣದ ಋಣ ಅಯಾನುಗಳನ್ನು ಅಳೆದ ಒಂದು ಪ್ರಕರಣ

ಮುಂಗಾರು ಹಿಂದೆ ಸರಿಯತೊಡಗುವ ಸೆಪ್ಟೆಂಬರ್ ಹೊತ್ತಿಗೆ ಗೋವಾ ಮತ್ತು ಕರ್ನಾಟಕದ ಕರಾವಳಿಯೆದುರಿನ ಖಂಡಾವರಣದ (ದಡಕ್ಕೆ ಹೊಂದಿಕೊಂಡ, ಹೆಚ್ಚು ಆಳವಿಲ್ಲದ ಕಡಲತಳದ) ನೀರು ವರ್ಷದ ಬೇರೆ ಕಾಲಗಳಲ್ಲಿ ಕಾಣದ ಒಂದು ಸ್ಥಿತಿಗೆ ತಲುಪಿರುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ, ಮೊದಲೇ ಆಮ್ಲಜನಕ ಕಡಿಮೆಯಿರುವ ಆಳದ ತಂಪು ನೀರು ಇಳಿಜಾರನ್ನೇರಿ ದಡದತ್ತ ಬರುತ್ತದೆ. ಅದರ ಮೇಲೆ ಮಳೆಯ ನೀರೂ ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳ ಸಿಹಿನೀರೂ ತೆಳುವಾದ ಮುಚ್ಚಳದಂತೆ ಹರಡಿಕೊಳ್ಳುವುದರಿಂದ ಕೆಳಗಿನ ಪದರಕ್ಕೆ ಗಾಳಿಯ ಆಮ್ಲಜನಕ ಇಳಿಯುವುದಿಲ್ಲ. ಮೇಲಿನಿಂದ ಉದುರುವ ಸಾವಯವ ಪದಾರ್ಥವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಉಳಿದ ಆಮ್ಲಜನಕವನ್ನು ಮುಗಿಸಿ, ನಂತರ ನೈಟ್ರೇಟನ್ನು ಬಳಸತೊಡಗುತ್ತವೆ. ಆಗ ನೈಟ್ರೈಟ್ ಶೇಖರವಾಗುತ್ತದೆ, ಅದೂ ಮುಗಿದರೆ ತಳದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಕಾಣಿಸಿಕೊಳ್ಳುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಕ್ಯಾಂಡೋಲಿಮ್ ಎದುರಿನ ಒಂದು ತಾಣದಲ್ಲಿ 1997ರಿಂದ ಈ ಋತುಚಕ್ರವನ್ನು ಗಮನಿಸುತ್ತ ಬಂದಿದ್ದಾರೆ, ಮತ್ತು ಎಸ್.ಡಬ್ಲ್ಯು.ಎ. ನಖ್ವಿ ಮತ್ತವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಈ ವಿದ್ಯಮಾನ ಜಗತ್ತಿನ ಸಾಗರವಿಜ್ಞಾನಿಗಳಿಗೆಲ್ಲ ಪರಿಚಿತವಾಗಿದೆ.

ಇಲ್ಲಿ ವಿವರಿಸುವ ಪ್ರಕರಣ ಇಂಥ ನೀರಿಗೆ ಸಂಬಂಧಿಸಿದ್ದು. ಮೇಲ್ಮೈಯಿಂದ ತಳದವರೆಗೆ ಹಲವು ಆಳಗಳಲ್ಲಿ ಸಂಗ್ರಹಿಸಿದ ಮಾದರಿಗಳು ಕರಾವಳಿಯ ಒಂದು ಪ್ರಯೋಗಾಲಯಕ್ಕೆ ಬಂದವು. ಒಂದೇ ಬಾಟಲಿಯಲ್ಲಿ ನೈಟ್ರೈಟ್, ನೈಟ್ರೇಟ್ ಮತ್ತು ಅಯೋಡೈಡ್ ಎಷ್ಟಿವೆ ಎಂಬುದೇ ಕೇಳಿದ ಪ್ರಶ್ನೆ. ಅಯೋಡಿನ್ ಈ ಪಟ್ಟಿಯಲ್ಲಿ ಸೇರಿದ್ದಕ್ಕೆ ಕಾರಣವಿದೆ. ಸಮುದ್ರದಲ್ಲಿ ಅದು ಮುಖ್ಯವಾಗಿ ಅಯೋಡೇಟ್ ಮತ್ತು ಅಯೋಡೈಡ್ ಎಂಬ ಎರಡು ರೂಪಗಳಲ್ಲಿರುತ್ತದೆ, ಮತ್ತು ನೈಟ್ರೇಟ್ ಅಪಕರ್ಷಣಗೊಳ್ಳುವಂಥ, ಅಂದರೆ ತನ್ನ ಆಮ್ಲಜನಕವನ್ನು ಕಳೆದುಕೊಳ್ಳುವಂಥ, ಪರಿಸ್ಥಿತಿಯಲ್ಲಿ ಅಯೋಡೇಟ್ ಕೂಡ ಅಯೋಡೈಡ್ ಆಗಿ ಬದಲಾಗುತ್ತದೆ. ತೆರೆದ ಸಾಗರದಲ್ಲಿ ಎರಡೂ ಸೇರಿ ಲೀಟರಿಗೆ ಸುಮಾರು 0.45ರಿಂದ 0.5 ಮೈಕ್ರೋಮೋಲ್ ಇರುವುದರಿಂದ ಅವುಗಳ ಅನುಪಾತವೇ ಒಂದು ಸೂಚಕ. ಆದರೆ ಪಶ್ಚಿಮ ಭಾರತದ ಖಂಡಾವರಣದಲ್ಲಿ ತಳದ ಕೆಸರಿನಿಂದಲೂ ಅಯೋಡೈಡ್ ನೀರಿಗೆ ಬಿಡುಗಡೆಯಾಗುತ್ತದೆ. ಆದ್ದರಿಂದ ಒಟ್ಟು ಮೊತ್ತ ಸ್ಥಿರವೆಂದು ಊಹಿಸಿ ಒಂದನ್ನಳೆದು ಇನ್ನೊಂದನ್ನು ಕಳೆಯುವ ಸುಲಭದ ದಾರಿ ಇಲ್ಲಿ ನಡೆಯದು.

ಆ ಪ್ರಯೋಗಾಲಯದಲ್ಲಿ ಅಯಾನ್ ಕ್ರೊಮಟೋಗ್ರಫಿ ಉಪಕರಣವಿತ್ತು, ಆದರೆ ಅದು ನಿತ್ಯ ಮಾಡುತ್ತಿದ್ದುದು ಬಾವಿ ಮತ್ತು ಕೊಳವೆಬಾವಿಗಳ ನೀರಿನ ಪರೀಕ್ಷೆ. ಹ್ಯಾಮಿಶ್ ಸ್ಮಾಲ್ ಮತ್ತವರ ಸಂಗಡಿಗರು 1975ರಲ್ಲಿ ಪ್ರಕಟಿಸಿದ ವಿಧಾನದ ಕುಲಕ್ಕೆ ಸೇರಿದ್ದೇ ಈ ವ್ಯವಸ್ಥೆ: ಕಾರ್ಬೊನೇಟ್ ದ್ರಾವಣ ಮಾದರಿಯನ್ನು ಕಾಲಂನಲ್ಲಿ, ಅಂದರೆ ರಾಳದ ಕಣಗಳನ್ನು ತುಂಬಿದ ಕೊಳವೆಯಲ್ಲಿ, ಸಾಗಿಸುತ್ತದೆ, ಅಯಾನುಗಳು ರಾಳಕ್ಕೆ ಅಂಟುವ ಬಲದ ಪ್ರಕಾರ ಒಂದರ ಹಿಂದೊಂದು ಬೇರ್ಪಡುತ್ತವೆ, ಸಪ್ರೆಸರ್ ಸಾಗಿಸುವ ದ್ರಾವಣದ ವಾಹಕತೆಯನ್ನು ಕುಗ್ಗಿಸುತ್ತದೆ, ಕೊನೆಯಲ್ಲಿ ವಾಹಕತೆಯ ಡಿಟೆಕ್ಟರ್ ಅಯಾನುಗಳನ್ನು ಗುರುತಿಸಿ, ಒಂದೊಂದನ್ನೂ ನಕ್ಷೆಯಲ್ಲಿ ಒಂದು ಶಿಖರವಾಗಿ ತೋರಿಸುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಅಳೆಯುವುದಕ್ಕೆ ಈ ಏರ್ಪಾಡು ಧಾರಾಳವಾಗಿ ಸಾಕು. ಸಮುದ್ರದ ಮಾದರಿಯಲ್ಲಿ ಹುಡುಕಬೇಕಾದ 1 ಮೈಕ್ರೋಮೋಲ್ ನೈಟ್ರೇಟ್ ಎಂದರೆ 62 ಮೈಕ್ರೋಗ್ರಾಂ, ಅಂದರೆ ಆ ಮಿತಿಯ ಏಳುನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಕಷ್ಟ ಅಲ್ಪತೆಯದಲ್ಲ, ಅದರ ಪಕ್ಕದಲ್ಲಿ ಏನಿದೆ ಎಂಬುದರದು.

ಲವಣತೆ 35 ಇರುವ (ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಉಪ್ಪಿರುವ) ಸಮುದ್ರನೀರಿನ ಒಂದು ಲೀಟರಿನಲ್ಲಿ ಹತ್ತಿರಹತ್ತಿರ 19.8 ಗ್ರಾಂ ಕ್ಲೋರೈಡ್, 2.8 ಗ್ರಾಂ ಸಲ್ಫೇಟ್ ಮತ್ತು 69 ಮಿಲಿಗ್ರಾಂ ಬ್ರೋಮೈಡ್ ಇರುತ್ತವೆ. ಕ್ಲೋರೈಡಿನ ಸಾಂದ್ರತೆ ಲೀಟರಿಗೆ 0.56 ಮೋಲ್, ಹೀಗಾಗಿ 1 ಮೈಕ್ರೋಮೋಲ್ ನೈಟ್ರೈಟಿನ ಪ್ರತಿ ಅಯಾನಿಗೆ ಐದೂವರೆ ಲಕ್ಷಕ್ಕೂ ಹೆಚ್ಚು ಕ್ಲೋರೈಡ್ ಅಯಾನುಗಳು, 0.1 ಮೈಕ್ರೋಮೋಲ್ ಅಯೋಡೈಡಿನ ಪ್ರತಿ ಅಯಾನಿಗೆ ಐವತ್ತು ಲಕ್ಷಕ್ಕೂ ಹೆಚ್ಚು. ಸಾಮಾನ್ಯ ಕಾಲಂಗಳಲ್ಲಿ ನೈಟ್ರೈಟ್ ಬರುವುದು ಕ್ಲೋರೈಡಿನ ಬೆನ್ನಿಗೇ. ಬಾವಿನೀರಿನ ವಿಧಾನದಲ್ಲಿ ಸಮುದ್ರನೀರನ್ನು ನೇರವಾಗಿ ಚುಚ್ಚಿದಾಗ ನೈಟ್ರೈಟಿನ ಶಿಖರ ಇರಬೇಕಾದ ಜಾಗವನ್ನು ಕ್ಲೋರೈಡಿನ ಶಿಖರವೇ ಆವರಿಸಿತು. ನೈಟ್ರೇಟ್ ತನ್ನ ಎಂದಿನ ಸಮಯಕ್ಕಿಂತ ಮೊದಲೇ ಬಂತು. ಸಲ್ಫೇಟಿನ ಆಕಾರ ಕೆಟ್ಟಿತ್ತು. ಇದರ ಲೆಕ್ಕ ಸರಳ. 100 ಮೈಕ್ರೋಲೀಟರ್ ಸಮುದ್ರನೀರಿನಲ್ಲಿ ಕ್ಲೋರೈಡ್ ಮತ್ತು ಸಲ್ಫೇಟ್ ಸೇರಿ 60 ಮೈಕ್ರೋಈಕ್ವಿವಲೆಂಟಿಗಿಂತ (ವಿದ್ಯುದಾವೇಶದ ಲೆಕ್ಕದಲ್ಲಿ ಎಣಿಸಿದ ಮೈಕ್ರೋಮೋಲ್‌ಗಳಿಗಿಂತ) ಹೆಚ್ಚು ಅಯಾನುಗಳಿರುತ್ತವೆ. ಇಂಥ ಕಾಲಂಗಳ ಇಡೀ ಸಾಮರ್ಥ್ಯವೇ ಕೆಲವು ಹತ್ತುಗಳಿಂದ ಕೆಲವು ನೂರುಗಳಷ್ಟು ಮೈಕ್ರೋಈಕ್ವಿವಲೆಂಟ್. ಅಷ್ಟು ಉಪ್ಪು ಒಮ್ಮೆಗೇ ನುಗ್ಗಿದಾಗ ರಾಳದ ಬಹುಪಾಲು ಸ್ಥಾನಗಳು ಕೆಲಹೊತ್ತು ಕ್ಲೋರೈಡಿನ ವಶವಾಗುತ್ತವೆ, ಮತ್ತು ಮಾದರಿಯ ಉಪ್ಪೇ ಸಾಗಿಸುವ ದ್ರಾವಣದಂತೆ ವರ್ತಿಸಿ ಉಳಿದ ಅಯಾನುಗಳನ್ನು ಮುಂದಕ್ಕೆ ತಳ್ಳುತ್ತದೆ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಪರಿಹಾರ ಸಿಕ್ಕಿದ್ದು ಅಲ್ಲಿಯೇ.

ಮೊದಲು ಯೋಚಿಸಿದ್ದು ನೀರು ಬೆರೆಸಿ ತೆಳುವಾಗಿಸುವುದನ್ನು. ನೂರು ಪಟ್ಟು ತೆಳುವಾಗಿಸಿದರೆ ಕ್ಲೋರೈಡ್ ಲೀಟರಿಗೆ 200 ಮಿಲಿಗ್ರಾಮಿಗೆ ಇಳಿದು ಬಾವಿನೀರಿನಂತೆಯೇ ಆಗುತ್ತದೆ ನಿಜ, ಆದರೆ 1 ಮೈಕ್ರೋಮೋಲ್ ನೈಟ್ರೈಟ್ ಲೀಟರಿಗೆ ಅರ್ಧ ಮೈಕ್ರೋಗ್ರಾಮಿಗಿಂತ ಕೆಳಗಿಳಿದು ಡಿಟೆಕ್ಟರಿನ ಕಣ್ಣಿಗೆ ಬೀಳುವುದಿಲ್ಲ. ಎರಡರ ಅನುಪಾತವಂತೂ ಎಷ್ಟು ನೀರು ಬೆರೆಸಿದರೂ ಬದಲಾಗದು.

ಎರಡನೆಯ ಸಲಹೆ ಬೆಳ್ಳಿಯ ಕಾರ್ಟ್ರಿಜ್. ಬೆಳ್ಳಿ ಅಯಾನುಗಳನ್ನು ಹೊತ್ತ ರಾಳದ ಮೂಲಕ ಮಾದರಿಯನ್ನು ಹಾಯಿಸಿದರೆ ಕ್ಲೋರೈಡ್ ಸಿಲ್ವರ್ ಕ್ಲೋರೈಡ್ ಆಗಿ ಅಲ್ಲೇ ಉಳಿಯುತ್ತದೆ. ಸಿಲ್ವರ್ ಕ್ಲೋರೈಡಿನ ವಿಲೇಯತೆಯಿಂದ ಲೆಕ್ಕ ಹಾಕಿದರೆ ಲೀಟರಿಗೆ ಅರ್ಧ ಮಿಲಿಗ್ರಾಮಿನಷ್ಟು ಕ್ಲೋರೈಡ್ ಮಾತ್ರ ದಾಟಿ ಬರಬೇಕು. ನೈಟ್ರೇಟ್ ಒಂದೇ ಬೇಕಾಗಿದ್ದರೆ ಇದು ಒಳ್ಳೆಯ ದಾರಿ. ಆದರೆ ಈ ಪ್ರಕರಣದಲ್ಲಿ ಅದನ್ನು ಕೈಬಿಡಲು ಒಂದೇ ಕಾರಣ ಸಾಕಾಯಿತು: ಸಿಲ್ವರ್ ಅಯೋಡೈಡಿನ ವಿಲೇಯತಾ ಗುಣಲಬ್ಧ (ಲವಣ ನೀರಿನಲ್ಲಿ ಎಷ್ಟು ಕರಗುತ್ತದೆಂಬುದನ್ನು ಸೂಚಿಸುವ ಸ್ಥಿರಾಂಕ) ಸಿಲ್ವರ್ ಕ್ಲೋರೈಡಿನದಕ್ಕಿಂತ ಸುಮಾರು ಇಪ್ಪತ್ತು ಲಕ್ಷ ಪಟ್ಟು ಕಡಿಮೆ. ಕ್ಲೋರೈಡನ್ನು ಹಿಡಿಯುವ ಬೆಳ್ಳಿ ಅಯೋಡೈಡನ್ನು ಅದಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದರ ಜೊತೆಗೆ ವೆಚ್ಚದ ಮಾತೂ ಇದೆ. 2 ಮಿಲಿಈಕ್ವಿವಲೆಂಟ್ ಸಾಮರ್ಥ್ಯದ ಚಿಕ್ಕ ಕಾರ್ಟ್ರಿಜ್ ಸುಮಾರು ಮೂರೂವರೆ ಮಿಲಿಲೀಟರ್ ಸಮುದ್ರನೀರಿಗೇ ಮುಗಿದುಹೋಗುತ್ತದೆ, ಅದರಲ್ಲಿಯೂ ಮೊದಲು ಹೊರಬರುವ ಪಾಲನ್ನು ಚೆಲ್ಲಬೇಕಾಗುತ್ತದೆ.

ಕ್ಲೋರೈಡನ್ನು ತೆಗೆಯುವ ಪ್ರಯತ್ನವನ್ನೇ ಬಿಟ್ಟ ಮೇಲೆ ಕೆಲಸ ಹಾದಿಗೆ ಬಂತು. ಮಾದರಿಯ ಉಪ್ಪು ಹೇಗಿದ್ದರೂ ಸಾಗಿಸುವ ದ್ರಾವಣದಂತೆ ವರ್ತಿಸುತ್ತದೆ ಎಂದಾದರೆ, ಸಾಗಿಸುವ ದ್ರಾವಣವನ್ನೇ ಉಪ್ಪುನೀರು ಮಾಡಬಹುದು. ಕಾರ್ಬೊನೇಟಿನ ಬದಲು ಲೀಟರಿಗೆ 0.5 ಮೋಲ್ ಸೋಡಿಯಂ ಕ್ಲೋರೈಡ್, ಪಿಎಚ್ ಕದಲದಿರಲು ಸ್ವಲ್ಪ ಫಾಸ್ಫೇಟ್ ಬಫರ್. ಆಗ ಕಾಲಂನೊಳಗೆ ಮೊದಲಿನಿಂದಲೂ ಇರುವುದು ಸಮುದ್ರದಷ್ಟೇ ಕ್ಲೋರೈಡ್. ಮಾದರಿಯೊಂದಿಗೆ ಬರುವ ಕ್ಲೋರೈಡ್ ಅದರಲ್ಲಿ ಬೆರೆತು, ಪ್ರತ್ಯೇಕ ಶಿಖರವಾಗಿ ಅಳತೆಗೆ ಅಡ್ಡ ಬರುವುದಿಲ್ಲ. ಇಂಥ ದ್ರಾವಣದ ವಾಹಕತೆ ವಿಪರೀತವಾದ್ದರಿಂದ ವಾಹಕತೆಯ ಡಿಟೆಕ್ಟರ್ ನಿಷ್ಪ್ರಯೋಜಕ, ಸಪ್ರೆಸರ್ ಕೂಡ ಬೇಡ. ಅದರ ಜಾಗದಲ್ಲಿ ನೇರಳಾತೀತ ಡಿಟೆಕ್ಟರನ್ನು ಜೋಡಿಸಲಾಯಿತು, ಏಕೆಂದರೆ ಕ್ಲೋರೈಡ್ ಮತ್ತು ಸಲ್ಫೇಟ್ 220 ನ್ಯಾನೋಮೀಟರಿಗಿಂತ ಮೇಲಿನ ಬೆಳಕನ್ನು ಹೀರುವುದಿಲ್ಲವೆಂದೇ ಹೇಳಬಹುದು, ನೈಟ್ರೈಟ್, ನೈಟ್ರೇಟ್ ಮತ್ತು ಅಯೋಡೈಡ್ ಚೆನ್ನಾಗಿ ಹೀರುತ್ತವೆ. ಜಪಾನಿನ ರಸಾಯನವಿಜ್ಞಾನಿಗಳು 1990ರ ದಶಕದಿಂದ ಬೆಳೆಸಿಕೊಂಡು ಬಂದ ದಾರಿಯಿದು. ಈ ಪ್ರಯೋಗಾಲಯ ಅದನ್ನು ತನ್ನ ಉಪಕರಣಕ್ಕೆ ಹೊಂದಿಸಿಕೊಂಡಿತು. ನನ್ನ ದೃಷ್ಟಿಯಲ್ಲಿ ಸಮುದ್ರನೀರಿನ ವಿಶ್ಲೇಷಣೆಯಲ್ಲಿ ಇಷ್ಟು ಸರಳವಾಗಿದ್ದೂ ಇಷ್ಟು ಫಲ ಕೊಡುವ ಉಪಾಯಗಳು ಹೆಚ್ಚಿಲ್ಲ.

ತರಂಗಾಂತರದ ಆಯ್ಕೆಯಲ್ಲಿ ಒಂದು ರಾಜಿ ಅಗತ್ಯವಾಯಿತು. ನೈಟ್ರೇಟ್ ಅತಿ ಹೆಚ್ಚು ಬೆಳಕು ಹೀರುವುದು 200 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಆದರೆ ಅಲ್ಲಿ ಬ್ರೋಮೈಡ್ ಕೂಡ ಪ್ರಬಲವಾಗಿ ಹೀರುತ್ತದೆ, ಮತ್ತು ಸಮುದ್ರನೀರಿನಲ್ಲಿ 1 ಮೈಕ್ರೋಮೋಲ್ ನೈಟ್ರೇಟಿನ ಪಕ್ಕದಲ್ಲಿ ಅದರ ಎಂಟುನೂರು ಪಟ್ಟಿಗೂ ಮಿಕ್ಕಿ ಬ್ರೋಮೈಡ್ ನಿಂತಿರುತ್ತದೆ. ಕಾಲಂನಿಂದ ಮೊದಲು ನೈಟ್ರೈಟ್, ನಂತರ ಬ್ರೋಮೈಡ್, ಅದರ ಹಿಂದೆ ನೈಟ್ರೇಟ್ ಬರುವುದರಿಂದ ಬ್ರೋಮೈಡಿನ ಎರಡೂ ಮಗ್ಗುಲಿನಲ್ಲಿ ಬೇಕಾದ ಅಯಾನುಗಳೇ ಇವೆ. ತರಂಗಾಂತರವನ್ನು 225ಕ್ಕೆ ಏರಿಸಿದಾಗ ನೈಟ್ರೇಟಿನ ಸಂಕೇತ ಒಂದಿಷ್ಟು ಕಡಿಮೆಯಾಯಿತು, ಆದರೆ ಬ್ರೋಮೈಡಿನದು ಅದಕ್ಕಿಂತ ಬಹಳ ಹೆಚ್ಚು ಕುಸಿಯಿತು. ಅಯೋಡೈಡಿಗಂತೂ ಇದು ಅನುಕೂಲದ ಜಾಗ, ಏಕೆಂದರೆ ಅದರ ಹೀರಿಕೆಯ ಗರಿಷ್ಠ ಬಿಂದು 226ರಲ್ಲಿದೆ. ಅಯೋಡೈಡ್ ದೊಡ್ಡ ಅಯಾನು, ನೀರಿನ ಅಣುಗಳನ್ನು ಸಡಿಲವಾಗಿ ಹಿಡಿದುಕೊಳ್ಳುವಂಥದ್ದು, ಹೀಗಾಗಿ ರಾಳಕ್ಕೆ ಬಿಗಿಯಾಗಿ ಅಂಟುತ್ತದೆ. ಕಾರ್ಬೊನೇಟಿನಲ್ಲಿ ಬಹು ತಡವಾಗಿ, ಹರಡಿದ ಬಾಲದೊಂದಿಗೆ ಬರುತ್ತಿದ್ದ ಅದು, ಪ್ರಬಲ ಉಪ್ಪುನೀರಿನಲ್ಲಿ ಎಲ್ಲಕ್ಕಿಂತ ಕೊನೆಗೆ ಬಂದರೂ ಗುರುತಿಸಬಹುದಾದ ಶಿಖರವಾಗಿ ಬಂತು. ಹೆಚ್ಚು ಸಾಮರ್ಥ್ಯದ ಕಾಲಂ ಬಳಸಿದ್ದರಿಂದಲೇ ಇದು ಸಾಧ್ಯವಾಯಿತು; ಕಡಿಮೆ ಸಾಮರ್ಥ್ಯದ್ದಾಗಿದ್ದರೆ ಇಷ್ಟು ಪ್ರಬಲವಾದ ಕ್ಲೋರೈಡ್ ಮೊದಲ ಮೂರು ಅಯಾನುಗಳನ್ನು ಒಟ್ಟಿಗೇ ಹೊರದಬ್ಬುತ್ತಿತ್ತು.

ಈಗ ಪ್ರಶ್ನೆ ಉಪ್ಪಿನ ಶುದ್ಧತೆಯದು. ಸೋಡಿಯಂ ಕ್ಲೋರೈಡ್ ಎಲ್ಲಿಂದ ಬಂದರೂ ಬ್ರೋಮೈಡ್ ಅದರೊಂದಿಗೆ ಸ್ವಲ್ಪವಾದರೂ ಬರುತ್ತದೆ, ಕೆಲವು ತಯಾರಿಕೆಗಳಲ್ಲಿ ಅಯೋಡೈಡ್ ಮತ್ತು ನೈಟ್ರೇಟಿನ ಸುಳಿವೂ ಇರುತ್ತದೆ. ಸಾಗಿಸುವ ದ್ರಾವಣದಲ್ಲಿಯೇ ಅಯೋಡೈಡ್ ಇದ್ದರೆ ಡಿಟೆಕ್ಟರ್ ತೋರಿಸುವುದು ಮಾದರಿಗೂ ದ್ರಾವಣಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ. ಮಾದರಿಯಲ್ಲಿ ಕಡಿಮೆಯಿದ್ದರೆ ಶಿಖರದ ಬದಲು ತಗ್ಗು ಬೀಳುತ್ತದೆ. ಶುದ್ಧ ನೀರನ್ನು ಚುಚ್ಚಿ ನೋಡಿದಾಗ ಆ ಜಾಗದಲ್ಲಿ ತಗ್ಗು ಕಂಡರೆ ಆ ಉಪ್ಪು ಈ ಕೆಲಸಕ್ಕೆ ಬಾರದು ಎಂದೇ ಅರ್ಥ. ಪ್ರತಿ ಹೊಸ ಬಾಟಲಿಗೂ ಈ ಪರೀಕ್ಷೆ ನಡೆಯಿತು. ಗೋಕರ್ಣದ ಬಳಿ ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳೇ ಇರುವಾಗ ದುಬಾರಿ ಉಪ್ಪು ಏಕೆ ಎಂದು ಕೆಲವರು ಕೇಳುವುದುಂಟು. ಸಮುದ್ರದ ಉಪ್ಪಿನಲ್ಲಿ ಬ್ರೋಮೈಡ್ ಸಹಜವಾಗಿಯೇ ಇರುತ್ತದೆ, ಅಂಗಡಿಯ ಪುಡಿ ಉಪ್ಪಿಗಂತೂ ನಮ್ಮ ದೇಶದಲ್ಲಿ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿರುತ್ತಾರೆ. ಅಯೋಡಿನ್ ಹುಡುಕುವ ಕೆಲಸಕ್ಕೆ ಅದಕ್ಕಿಂತ ಅಯೋಗ್ಯವಾದ ಉಪ್ಪು ಇರಲಾರದು.

ಮಾದರಿಗಳನ್ನು ಕಾಪಾಡುವ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಕ್ರೊಮಟೋಗ್ರಫಿಗೂ ಮೊದಲೇ ಫಲಿತಾಂಶ ಕೆಡುವುದು ಅಲ್ಲಿಯೇ. ಲೋಹಗಳ ವಿಶ್ಲೇಷಣೆಗೆ ನೀರು ತರುವವರು ಬಾಟಲಿಗೆ ಆಮ್ಲ ಸೇರಿಸುವುದು ರೂಢಿ. ನೈಟ್ರೈಟ್ ಮತ್ತು ಅಯೋಡೈಡ್ ಒಟ್ಟಿಗಿರುವ ನೀರಿಗೆ ಆಮ್ಲ ಸೇರಿಸಬಾರದು. ಪಿಎಚ್ 3.3ಕ್ಕಿಂತ ಕೆಳಗಿಳಿದರೆ ನೈಟ್ರೈಟಿನ ಅರ್ಧಕ್ಕಿಂತ ಹೆಚ್ಚು ಭಾಗ ನೈಟ್ರಸ್ ಆಮ್ಲವಾಗುತ್ತದೆ, ಮತ್ತು ನೈಟ್ರಸ್ ಆಮ್ಲ ಅಯೋಡೈಡನ್ನು ಉತ್ಕರ್ಷಿಸಿ ಅಯೋಡಿನ್ ಮಾಡುತ್ತದೆ, ತಾನು ನೈಟ್ರಿಕ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಮಾದರಿ ಅಯೋಡೇಟನ್ನೂ ಹೊಂದಿದ್ದರೆ ಆಮ್ಲದಲ್ಲಿ ಅದೂ ಅಯೋಡೈಡಿನೊಂದಿಗೆ ಪ್ರತಿವರ್ತಿಸಬಲ್ಲದು. ಅಳೆಯಬೇಕಾದ ಪದಾರ್ಥಗಳು ಹೀಗೆ ಒಂದನ್ನೊಂದು ಅಳಿಸುವುದನ್ನು ತಪ್ಪಿಸಲು ಮಾದರಿಗಳನ್ನು ದೋಣಿಯಲ್ಲಿಯೇ 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ, ಏನನ್ನೂ ಬೆರೆಸದೆ, ಕಂದು ಬಾಟಲಿಗಳಲ್ಲಿ ಮಂಜಿನ ಮೇಲಿಟ್ಟು ತರಲಾಯಿತು. ಅದೇ ದಿನ ಅಳೆಯಲಾಗದವನ್ನು ಹೆಪ್ಪುಗಟ್ಟಿಸಲಾಯಿತು.

ತಳದ ನೀರಿನಲ್ಲಿ ಇನ್ನೊಂದು ತೊಡಕು ಎದುರಾಯಿತು. ಕೆಲವು ಬಾಟಲಿಗಳ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೀರಿನಲ್ಲಿ ಕರಗಿದಾಗ ಉಂಟಾಗುವ ಬೈಸಲ್ಫೈಡ್ ಅಯಾನು 230 ನ್ಯಾನೋಮೀಟರಿನ ಬಳಿ ಬೆಳಕನ್ನು ಪ್ರಬಲವಾಗಿ ಹೀರುತ್ತದೆ, ಎಂದರೆ 225ಕ್ಕೆ ಇಟ್ಟ ಡಿಟೆಕ್ಟರಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಈ ಬಾಟಲಿಗಳ ಕ್ರೊಮಟೋಗ್ರಾಮಿನಲ್ಲಿ ಆರಂಭದ ಭಾಗ ಏರುಪೇರಾಗಿದ್ದು, ನೈಟ್ರೈಟಿನ ಶಿಖರವನ್ನು ನಂಬಿ ಓದುವಂತಿರಲಿಲ್ಲ. ಆಮ್ಲ ಹಾಕಿ ಸಲ್ಫೈಡನ್ನು ಗಾಳಿಗೆ ಓಡಿಸುವ ಉಪಾಯ ಮೇಲೆ ಹೇಳಿದ ಕಾರಣಕ್ಕೆ ನಿಷಿದ್ಧ. ಸತುವಿನ ಲವಣ ಸೇರಿಸಿ ಸಲ್ಫೈಡನ್ನು ಜಿಂಕ್ ಸಲ್ಫೈಡ್ ಆಗಿ ಕೆಳಗಿಳಿಸಿ, ಸೋಸಿ, ನಂತರ ಚುಚ್ಚುವುದು ಉಳಿದ ದಾರಿ. ಹಾಗೆ ಮಾಡಿದಾಗ ಆರಂಭದ ಭಾಗ ಶಾಂತವಾಯಿತು. ಸೇರಿಸಿದ ಸತುವಿನ ಲವಣ ಸಲ್ಫೇಟ್ ಆಗಿತ್ತು, ಏಕೆಂದರೆ ಸಲ್ಫೇಟ್ ಈ ಡಿಟೆಕ್ಟರಿಗೆ ಕಾಣದು. ಸಲ್ಫೈಡ್ ಇರುವ ನೀರಿನಲ್ಲಿ ಅಯೋಡೇಟ್ ಉಳಿಯುವುದಿಲ್ಲ, ಅದು ಅಯೋಡೈಡ್ ಆಗಿಬಿಡುತ್ತದೆ ಎಂಬುದನ್ನೂ ಫಲಿತಾಂಶ ಓದುವಾಗ ಗಮನದಲ್ಲಿಡಬೇಕಾಯಿತು.

ಮಾಪನಾಂಕ ನಿರ್ಣಯದ, ಅಂದರೆ ಗೊತ್ತಿರುವ ಪ್ರಮಾಣದ ದ್ರಾವಣಗಳಿಂದ ಉಪಕರಣದ ಸಂಕೇತವನ್ನು ಅಳತೆಗೆ ಹೊಂದಿಸುವ, ವಿಷಯದಲ್ಲಿ ಮುಂಗಾರಿನ ನೀರು ಒಂದು ವಿಶೇಷ ಬೇಡಿಕೆಯನ್ನಿಡುತ್ತದೆ. ತೆರೆದ ಸಾಗರದಲ್ಲಿ ಲವಣತೆ ಹೆಚ್ಚು ಬದಲಾಗದ ಕಾರಣ ಒಂದೇ ಕೃತಕ ಸಮುದ್ರನೀರಿನಲ್ಲಿ ಎಲ್ಲ ಪ್ರಮಾಣ ದ್ರಾವಣಗಳನ್ನೂ ಮಾಡಬಹುದು. ಇಲ್ಲಿ ಮೇಲ್ಪದರದ ಲವಣತೆ ತಳದ್ದಕ್ಕಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಮಾದರಿ ಸಾಗಿಸುವ ದ್ರಾವಣಕ್ಕಿಂತ ತೆಳುವಾಗಿದ್ದರೆ ಅಯಾನುಗಳು ಕಾಲಂನ ತಲೆಯಲ್ಲಿ ಒತ್ತಾಗಿ ಸೇರಿಕೊಂಡು ಶಿಖರ ಕಿರಿದಾಗುತ್ತದೆ, ಹೆಚ್ಚು ಗಾಢವಾಗಿದ್ದರೆ ಶಿಖರ ಅಗಲವಾಗುತ್ತದೆ. ಆದ್ದರಿಂದ ಎತ್ತರವನ್ನು ನಂಬದೆ ಶಿಖರದ ವಿಸ್ತೀರ್ಣವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಪ್ರತಿ ಆಳದ ಒಂದು ಮಾದರಿಗಾದರೂ ಗೊತ್ತಿರುವ ಪ್ರಮಾಣದ ನೈಟ್ರೈಟ್, ನೈಟ್ರೇಟ್ ಮತ್ತು ಅಯೋಡೈಡನ್ನು ಸೇರಿಸಿ ಮತ್ತೆ ಅಳೆದು, ಸಂಕೇತ ಏರುವ ದರ ಕೃತಕ ಸಮುದ್ರನೀರಿನ ರೇಖೆಯೊಂದಿಗೆ ಹೊಂದುತ್ತದೆಯೇ ಎಂದು ನೋಡಲಾಯಿತು. ಪ್ರಮಾಣ ದ್ರಾವಣಗಳ ಪೈಕಿ ಪೊಟ್ಯಾಸಿಯಂ ನೈಟ್ರೇಟ್ ಕಷ್ಟ ಕೊಡುವುದಿಲ್ಲ. ಸೋಡಿಯಂ ನೈಟ್ರೈಟ್ ಹಾಗಲ್ಲ. ಬಾಟಲಿ ತೆರೆದು ಬಹುಕಾಲವಾಗಿದ್ದರೆ ಅದರ ಒಂದು ಪಾಲು ಗಾಳಿಯಿಂದ ನೈಟ್ರೇಟ್ ಆಗಿರುತ್ತದೆ, ಪರ್ಮಾಂಗನೇಟಿನಿಂದ ಅನುಮಾಪನ ಮಾಡಿ ಶುದ್ಧತೆಯನ್ನು ಖಚಿತಪಡಿಸಿಕೊಳ್ಳದೆ ಬಳಸುವುದು ಸರಿಯಲ್ಲ.

ಅಯೋಡೇಟನ್ನು ನೇರವಾಗಿ ಅಳೆಯುವ ಪ್ರಯತ್ನ ಮಾಡಲಿಲ್ಲ. ಅದು ಕಾಲಂನಲ್ಲಿ ಹೆಚ್ಚು ನಿಲ್ಲದೆ, ಕರಗಿದ ಸಾವಯವ ಪದಾರ್ಥಗಳ ಜೊತೆಗೇ ಮೊದಲ ಕ್ಷಣಗಳಲ್ಲಿ ಹೊರಬರುತ್ತದೆ. ಬದಲಿಗೆ ಮಾದರಿಯ ಬೇರೊಂದು ಪಾಲಿಗೆ ಆಸ್ಕಾರ್ಬಿಕ್ ಆಮ್ಲ ಸೇರಿಸಿ ಅಯೋಡೇಟನ್ನೆಲ್ಲ ಅಯೋಡೈಡ್ ಮಾಡಿ, ಒಟ್ಟು ಅಜೈವಿಕ ಅಯೋಡಿನನ್ನು ಅಳೆದು, ಮೊದಲಿನ ಅಯೋಡೈಡನ್ನು ಅದರಿಂದ ಕಳೆಯಲಾಯಿತು. ಆಸ್ಕಾರ್ಬಿಕ್ ಆಮ್ಲವೂ ನೇರಳಾತೀತ ಬೆಳಕನ್ನು ಹೀರುತ್ತದೆ, ಆದರೆ ಅಯೋಡೈಡಿಗಿಂತ ಬಹಳ ಮೊದಲೇ ಬಂದುಹೋಗುತ್ತದೆ. ಅದು ನೈಟ್ರೈಟನ್ನು ನಾಶಮಾಡಬಲ್ಲದಾದ್ದರಿಂದ ಈ ಪಾಲಿನಲ್ಲಿ ನೈಟ್ರೈಟನ್ನು ಓದುವಂತಿಲ್ಲ.

ಹೊಸ ವಿಧಾನವನ್ನು ಹಳೆಯದೊಂದರ ಪಕ್ಕದಲ್ಲಿಟ್ಟು ನೋಡದೆ ವರದಿ ಕೊಡುವುದು ಸಾಧ್ಯವಿರಲಿಲ್ಲ. ನೈಟ್ರೈಟಿಗೆ ಆ ಹಳೆಯ ವಿಧಾನ ಸಾಗರವಿಜ್ಞಾನಿಗಳೆಲ್ಲ ಬಲ್ಲ ಗುಲಾಬಿ ಬಣ್ಣದ ಅಜೋ ವರ್ಣದ ಪರೀಕ್ಷೆ. ಅದನ್ನು 543 ನ್ಯಾನೋಮೀಟರಿನ ಬಳಿ ಓದುತ್ತಾರೆ. ಸಲ್ಫೈಡಿಲ್ಲದ ಮಾದರಿಗಳಲ್ಲಿ ಎರಡೂ ವಿಧಾನಗಳ ಫಲಿತಾಂಶ ಪರಸ್ಪರ ಹೊಂದಿದವು. ನೈಟ್ರೈಟ್ ಒಂದೇ ಬೇಕಿದ್ದರೆ ಬಣ್ಣದ ಪರೀಕ್ಷೆಯೇ ಸಾಕು, ಅದು ಅಗ್ಗವೂ ಹೌದು, ಸೂಕ್ಷ್ಮತೆಯಲ್ಲಿ ಮುಂದೆಯೂ ಹೌದು. ಕ್ರೊಮಟೋಗ್ರಫಿಯ ಪರವಾಗಿ ಹೇಳಬಹುದಾದದ್ದು ಬಣ್ಣದ ಪರೀಕ್ಷೆಗಾಗಿ ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡುವ ಕ್ಯಾಡ್ಮಿಯಂ ಕಾಲಂ ಇಲ್ಲದೆ ನೈಟ್ರೇಟ್ ಸಿಗುತ್ತದೆ, ಅದೇ ಓಟದಲ್ಲಿ ಅಯೋಡೈಡೂ ಸಿಗುತ್ತದೆ ಎಂಬುದು. ಅಯೋಡೈಡಿಗೆ ಸರಿಯಾದ ಹೋಲಿಕೆ ಪಾದರಸದ ಹನಿಯ ಮೇಲೆ ನಡೆಸುವ ವೋಲ್ಟಾಮೆಟ್ರಿ, ಅಂದರೆ ವೋಲ್ಟೇಜ್ ಬದಲಿಸುತ್ತ ವಿದ್ಯುತ್ ಪ್ರವಾಹವನ್ನು ಅಳೆಯುವ ವಿಧಾನ. ಅದು ಆ ಪ್ರಯೋಗಾಲಯದಲ್ಲಿ ಇರಲಿಲ್ಲ, ಆದ್ದರಿಂದ ಅಲ್ಲಿ ಸೇರಿಸಿದ ಅಯೋಡೈಡ್ ಎಷ್ಟು ಮರಳಿ ಸಿಕ್ಕಿತು ಎಂಬುದರ ಮೇಲೆಯೇ ನಿಲ್ಲಬೇಕಾಯಿತು. ವರದಿಯಲ್ಲಿ ಈ ಮಾತನ್ನು ಮುಚ್ಚಿಡಲಿಲ್ಲ.

ಉಪಕರಣದ ಆರೈಕೆಯ ಬಗ್ಗೆ ಎರಡು ಮಾತು. ಅರ್ಧ ಮೋಲಾರ್ ಉಪ್ಪುನೀರು ತುಕ್ಕುರಹಿತ ಉಕ್ಕನ್ನೂ ತಿನ್ನುತ್ತದೆ. ನೀರು ತಾಗುವ ಭಾಗಗಳೆಲ್ಲ ಪ್ಲಾಸ್ಟಿಕ್ಕಿನವಾಗಿದ್ದರೆ ಮಾತ್ರ ಇದಕ್ಕೆ ಕೈ ಹಾಕಬೇಕು. ಸಂಜೆ ಪಂಪ್ ನಿಲ್ಲಿಸುವ ಮೊದಲು ಶುದ್ಧ ನೀರು ಹಾಯಿಸದಿದ್ದರೆ ಪಂಪಿನ ಸೀಲಿನ ಹಿಂದೆ ಉಪ್ಪಿನ ಹರಳು ಕಟ್ಟಿ, ಮರುದಿನ ಪಿಸ್ಟನ್ ಚಲಿಸುವಾಗ ಸೀಲನ್ನು ಕೊರೆಯುತ್ತದೆ.

ಫಲಿತಾಂಶದ ಸಂಖ್ಯೆಗಳು ಮಾದರಿ ಕೊಟ್ಟವರಿಗೆ ಸೇರಿದವಾದ್ದರಿಂದ ಇಲ್ಲಿ ಅವುಗಳ ಸ್ವರೂಪವನ್ನಷ್ಟೇ ಹೇಳಬಹುದು. ಮೇಲ್ಪದರದಲ್ಲಿ ನೈಟ್ರೈಟ್ ಪತ್ತೆಯ ಮಿತಿಯ ಬಳಿಯೇ ಇತ್ತು. ನಡುವಿನ ಆಳದಲ್ಲಿ ನೈಟ್ರೇಟ್ ಇಳಿಯುತ್ತಿದ್ದಲ್ಲಿ ನೈಟ್ರೈಟ್ ಏರಿತು. ತಳದ ಸಲ್ಫೈಡ್ ಇರುವ ನೀರಿನಲ್ಲಿ ಎರಡೂ ಕಾಣೆಯಾದವು. ಅಯೋಡೈಡ್ ಕೆಳಗೆ ಹೋದಂತೆ ಹೆಚ್ಚಿ, ತಳದಲ್ಲಿ ತೆರೆದ ಸಾಗರದ ಒಟ್ಟು ಅಯೋಡಿನ್ ಮೊತ್ತವನ್ನೂ ಮೀರಿತ್ತು, ಅದಕ್ಕೆ ಕೆಸರಿನ ಕೊಡುಗೆಯಲ್ಲದೆ ಬೇರೆ ವಿವರಣೆ ಹೊಂದುವುದಿಲ್ಲ. ಅಲ್ಲಿ ಒಟ್ಟು ಅಯೋಡಿನ್ ಮತ್ತು ಅಯೋಡೈಡ್ ಹೆಚ್ಚುಕಡಿಮೆ ಸಮವಾಗಿದ್ದು, ಅವೆರಡರ ವ್ಯತ್ಯಾಸ ಅಳತೆಯ ಅನಿಶ್ಚಿತತೆಗಿಂತ ಚಿಕ್ಕದಾಗಿತ್ತು. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದಾಗ ಉಳಿಯುವ ಚಿಕ್ಕ ಸಂಖ್ಯೆಗೆ ಅರ್ಥವಿಲ್ಲದ ಕಾರಣ ಆ ಬಾಟಲಿಗಳ ಸಾಲಿನಲ್ಲಿ ಅಯೋಡೇಟಿನ ಕಲಮಿಗೆ ಅಂಕಿ ತುಂಬದೆ, ಪತ್ತೆಯ ಮಿತಿಗಿಂತ ಕಡಿಮೆ ಎಂದು ಬರೆದು, ಸತುವಿನ ಲವಣ ಸೇರಿಸಿದ ಮಾದರಿಗಳ ಎದುರು ಹಾಗೆ ಸೇರಿಸಿದ್ದನ್ನು ಪ್ರತ್ಯೇಕವಾಗಿ ನಮೂದಿಸಿ ವರದಿ ಕಳುಹಿಸಲಾಯಿತು.